ಪ್ಲೇಟಿಗೆ ಮೊಳೆ ಹೊಡೆಯಬೇಡಿ

ಮಾನ್ಯ ಸಂಪಾದಕರೇ,

ಹಳೆಯ ಗ್ರಾಮೋಫೋನ್ ರೆಕಾರ್ಡ್‌ಗಳಿಗೆ ಮತ್ತೆ ಕಾಲ ಬಂದಿದೆ ಎಂದು ನಿಮ್ಮ ಭಾನುವಾರದ ಪುರವಣಿಯಲ್ಲಿ ಓದಿದೆ. ಅಮೆರಿಕದಲ್ಲಿ 2022ರಲ್ಲಿ ಸೀಡಿಗಳಿಗಿಂತ ಹೆಚ್ಚು ರೆಕಾರ್ಡ್‌ಗಳು ಮಾರಾಟವಾದವು, 1987ರ ನಂತರ ಹಾಗಾದದ್ದು ಅದೇ ಮೊದಲು ಎಂದು ಬರೆದಿದ್ದೀರಿ. ಸಂತೋಷ. ಅದೇ ವಾರ ಮೊಮ್ಮಗನ ಜೊತೆ ಬೆಣ್ಣೆದೋಸೆ ತಿನ್ನಲು ನಮ್ಮೂರಿನಲ್ಲಿ ಹೊಸದಾಗಿ ತೆರೆದ ಹೋಟೆಲೊಂದಕ್ಕೆ ಹೋಗಿದ್ದೆ. ಗೋಡೆಯ ತುಂಬ ರೆಕಾರ್ಡ್‌ಗಳು. ನಡುವಿನ ತೂತಿಗೆ ಹೊಡೆದ ಮೊಳೆ ಸಾಲದೆಂದು ಅಂಚಿನಲ್ಲಿ ಇನ್ನೆರಡು ಮೊಳೆ. ನಾಲ್ಕಾರು ರೆಕಾರ್ಡ್‌ಗಳಿಗೆ ಬಣ್ಣ ಬಳಿದು ಗಡಿಯಾರ ಮಾಡಿದ್ದಾರೆ. ವಿಚಾರಿಸಿದಾಗ ಗುಜರಿಯಿಂದ ಕೆ.ಜಿ. ಲೆಕ್ಕದಲ್ಲಿ ತಂದದ್ದು ಎಂದರು. ನಮ್ಮ ಕಡೆ ರೆಕಾರ್ಡನ್ನು ಪ್ಲೇಟು ಎನ್ನುತ್ತೇವೆ. ಹೋಟೆಲಿನವರಿಗೆ ಪ್ಲೇಟು ಎಂದರೆ ದೋಸೆಯದೇ ಸರಿ ಎಂದು ಸುಮ್ಮನಿರಲು ನೋಡಿದೆ. ಆಗಲಿಲ್ಲ. ಅದಕ್ಕೇ ಈ ಪತ್ರ.

ನಾನು ಸಂಗೀತ ಬಲ್ಲವನಲ್ಲ. ಇಲ್ಲಿನ ಹತ್ತಿ ಗಿರಣಿಯೊಂದರ ನೂಲುವ ಖಾತೆಯಲ್ಲಿ ಫಿಟ್ಟರ್ ಆಗಿದ್ದೆ. ನಿಮಿಷಕ್ಕೆ ಹತ್ತು ಸಾವಿರ ಸುತ್ತು ತಿರುಗುವ ಕದಿರುಗಳ ನಡುವೆ ಎಂಟು ಗಂಟೆ ನಿಂತು ಬಂದವನಿಗೆ, ನಿಮಿಷಕ್ಕೆ ಮೂವತ್ಮೂರು ಚಿಲ್ಲರೆ ಸುತ್ತು ತಿರುಗುವ ವಸ್ತುವನ್ನು ಸುಮ್ಮನೆ ನೋಡುತ್ತಾ ಕೂರುವುದೇ ಒಂದು ವಿಶ್ರಾಂತಿಯಾಗಿತ್ತು. ಬಟವಾಡೆಯ ದಿನ ಮೊದಲ ಪಾಳಿ ಮುಗಿಸಿ, ಅಕ್ಕಿ ಬೇಳೆಯ ದುಡ್ಡನ್ನು ಬೇರೆ ಕಿಸೆಗೆ ಹಾಕಿಕೊಂಡು, ಮಂಡಿಪೇಟೆಯ ಹಿಂದಿನ ಓಣಿಯೊಂದರಲ್ಲಿದ್ದ ರೆಕಾರ್ಡ್ ಅಂಗಡಿಗೆ ಹೋಗುತ್ತಿದ್ದೆ. ಒಬ್ಬರು ಹೊರಗೆ ಬಂದರೆ ಮಾತ್ರ ಇನ್ನೊಬ್ಬರು ಒಳಗೆ ಹೋಗಬಹುದಾದಷ್ಟು ಜಾಗ. ಅಂಗಡಿಯ ಯಜಮಾನರನ್ನು ನಾವೆಲ್ಲ ಸಾಹುಕಾರರೇ ಎಂದು ಕರೆಯುತ್ತಿದ್ದೆವು. ಅವರ ಸಾಹುಕಾರಿಕೆ ಎಷ್ಟೆಂಬುದು ಅವರ ಅಂಗಿಯ ಕಾಲರ್ ನೋಡಿದರೆ ಗೊತ್ತಾಗುತ್ತಿತ್ತು.

ಅವರದೊಂದು ನಿಯಮ. ನುಡಿಸಿ ತೋರಿಸದೆ ಏನನ್ನೂ ಮಾರುತ್ತಿರಲಿಲ್ಲ. ಪ್ಲೇಟನ್ನು ಎರಡು ಅಂಗೈಗಳ ನಡುವೆ ಅಂಚಿನಲ್ಲಷ್ಟೇ ಹಿಡಿದು, ಬಾಗಿಲ ಬೆಳಕಿಗೆ ಓರೆ ಮಾಡಿ, ಕಣ್ಣಿನ ಮಟ್ಟಕ್ಕೆ ತಂದು ಬಾಗಿದೆಯೇ ಎಂದು ನೋಡಿ, ಆಮೇಲೆ ಮುಳ್ಳು ಇಡುತ್ತಿದ್ದರು. ಮದುವೆ, ಜಾತ್ರೆಗಳಲ್ಲಿ ಮೈಕ್ ಸೆಟ್‌ನವರು ನುಡಿಸಿ ಸವೆಸಿದ ಪ್ಲೇಟುಗಳೂ ಅಲ್ಲಿಗೆ ಬರುತ್ತಿದ್ದವು. ಅವುಗಳನ್ನು ಬೇರೆ ಇಟ್ಟು, "ಇದು ಊಟದ ಪಂಕ್ತಿಯಲ್ಲಿ ದುಡಿದದ್ದು, ನಿಮಗೆ ಬೇಡ" ಎಂದು ತಾವೇ ಹೇಳುತ್ತಿದ್ದರು. ತನ್ನ ಮಾಲನ್ನು ತಾನೇ ಬೇಡವೆನ್ನುವ ವ್ಯಾಪಾರಿಯನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಒಮ್ಮೆ ಅಲ್ಲಿ ಹಾಡು ಕೇಳುತ್ತಿದ್ದಾಗ ಏನೋ ಇಳಿದಂತೆ ಅನ್ನಿಸಿತು. ರಾಗದ ಗಂಧ ನನಗಿಲ್ಲ, ಆದರೆ ಬೇರಿಂಗ್ ಕೆಡುವ ಸದ್ದನ್ನು ಹತ್ತು ಯಂತ್ರಗಳ ಆಚೆಯಿಂದ ಗುರುತಿಸುವ ಕಿವಿ ಇದೆ. ಸಾಹುಕಾರರಿಗೆ ಹೇಳಿದೆ. "ಹಾಡುವವರಿಗೆ ನೆಗಡಿ ಇದ್ದಿರಬೇಕು" ಎಂದು ನಕ್ಕರು. ಮರುದಿನ ದಪ್ಪ ಕಾಗದದಲ್ಲಿ ಒಂದು ವೃತ್ತ ಕತ್ತರಿಸಿ, ಮಗಳ ಕಂಪಾಸ್ ಪೆಟ್ಟಿಗೆಯ ಕೋನಮಾಪಕ ಹಿಡಿದು ಎರಡೆರಡು ಡಿಗ್ರಿಗೆ ಒಂದರಂತೆ 180 ಗೆರೆ ಎಳೆದೆ. ಗಿರಣಿಯಲ್ಲಿ ಕದಿರಿನ ವೇಗ ನೋಡಲು ಮಿನುಗುವ ದೀಪ ಬಳಸುತ್ತಿದ್ದೆವು, ಇದೂ ಅದೇ ಉಪಾಯ. ನಮ್ಮ ವಿದ್ಯುತ್ 50 ಹರ್ಟ್ಸ್‌ನದಾದ್ದರಿಂದ ಚೋಕ್ ಇರುವ ಟ್ಯೂಬ್‌ಲೈಟು ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ವೇಗ ಸರಿಯಿದ್ದರೆ ತಿರುಗುವ ಕಾಗದದ ಮೇಲಿನ ಗೆರೆಗಳು ನಿಂತಂತೆ ಕಾಣುತ್ತವೆ, ಕಡಿಮೆಯಾದರೆ ಹಿಂದಕ್ಕೆ ಜಾರುತ್ತವೆ. ಅಂಗಡಿಯ ಯಂತ್ರದ ಮೇಲೆ ಇಟ್ಟು ನೋಡಿದರೆ ಗೆರೆಗಳು ಹಿಂದೆ ಹಿಂದೆ ಸರಿಯುತ್ತಿದ್ದವು. ರಬ್ಬರ್ ಬೆಲ್ಟು ಸಡಿಲವಾಗಿತ್ತು. ಹೊಸ ಬೆಲ್ಟು ಹಾಕಿದ ಮೇಲೆ ನೆಗಡಿ ವಾಸಿಯಾಯಿತು, ಒಂದು ರೂಪಾಯಿಯ ವ್ಯಾಪಾರವಿಲ್ಲದಿದ್ದರೂ ಸಂಜೆಯವರೆಗೆ ಸ್ಟೂಲಿನ ಮೇಲೆ ಕೂರುವ ಹಕ್ಕು ನನಗೆ ಸಿಕ್ಕಿತು.

ಹಾಗೆ ಕುಳಿತಿದ್ದಾಗ ಸಿಕ್ಕದ್ದು ಒಂದು ಎಪ್ಪತ್ತೆಂಟರ ಪ್ಲೇಟು, ಅಂದರೆ ನಿಮಿಷಕ್ಕೆ ಎಪ್ಪತ್ತೆಂಟು ಸುತ್ತು ತಿರುಗುವ ಹಳೆಯ ಬಗೆಯದು. ಚೀಟಿಯ ಮೇಲೆ ಗಾಂಧಾರಿ, ಹುಬ್ಬಳ್ಳಿ ಎಂದಿತ್ತು. ಯಾವುದೋ ಮಹಾಭಾರತದ ನಾಟಕವಿರಬೇಕೆಂದು ಪಕ್ಕಕ್ಕೆ ಸರಿಸಿದೆ. ಸಾಹುಕಾರರು ಕೈ ಹಿಡಿದು ನಿಲ್ಲಿಸಿ ಮುಳ್ಳು ಇಟ್ಟರು. ಎಳೆಯ, ತೆಳ್ಳಗಿನ ಹೆಣ್ಣು ದನಿ. "ಯಾರು ಹೇಳಿ?" ಎಂದರು. ನನಗೆ ತಿಳಿಯಲಿಲ್ಲ. ಅದು ಗಂಗೂಬಾಯಿ ಹಾನಗಲ್ ಅವರದು! ಹುಟ್ಟು ಹೆಸರು ಗಾಂಧಾರಿ. 1930ರ ದಶಕದ ಅವರ ಮೊದಲ ಪ್ಲೇಟುಗಳು ಬಂದದ್ದು ಆ ಹೆಸರಿನಲ್ಲೇ. ನಾವೆಲ್ಲ ಆಕಾಶವಾಣಿಯಲ್ಲಿ ಕೇಳುತ್ತಿದ್ದ ಆ ಗಂಡು ಘನದ ಕಂಠ ಗಂಟಲಿನ ಶಸ್ತ್ರಚಿಕಿತ್ಸೆಯ ನಂತರದ್ದು. ಹತ್ತು ರೂಪಾಯಿ ಕೊಟ್ಟು ಕೊಂಡೆ. ನಿಮ್ಮ ಪುರವಣಿಯಲ್ಲಿ ಆನ್‌ಲೈನ್‌ನಲ್ಲಿ ತರಿಸಿಕೊಳ್ಳುವ ವಿಧಾನ ಬರೆದಿದ್ದೀರಲ್ಲ, ಅಲ್ಲಿ ಗಂಗೂಬಾಯಿ ಎಂದು ಹುಡುಕುವವನ ಕೈ ಹಿಡಿದು ಗಾಂಧಾರಿಯ ಹತ್ತಿರ ಕೂರಿಸುವವರು ಯಾರು?

ಹೋಟೆಲಿನವರನ್ನು ಬೈದು ನಾನು ಶುದ್ಧನಾಗಲಾರೆ. ಆ ಗಾಂಧಾರಿ ಪ್ಲೇಟನ್ನು ಕೆಡಿಸಿದವನು ನಾನೇ. ಟೇಪ್ ರೆಕಾರ್ಡರ್ ಬಂದ ಮೇಲೆ ಅದರ ಹೆಡ್ಡನ್ನು ಹತ್ತಿಗೆ ಸ್ಪಿರಿಟ್ ಅದ್ದಿ ಒರೆಸುವುದು ಅಭ್ಯಾಸವಾಗಿತ್ತು. ಒಂದು ದಸರೆಯ ಆಯುಧಪೂಜೆಯ ದಿನ, ಎಲ್ಲವೂ ಸ್ವಚ್ಛವಾಗಲಿ ಎಂದು ಪ್ಲೇಟಿಗೂ ಅದೇ ಸ್ಪಿರಿಟ್ ಹಚ್ಚಿದೆ. ಹತ್ತಿ ಕಪ್ಪಾಯಿತು. ಎಷ್ಟು ಕೊಳೆ ಇತ್ತಲ್ಲ ಎಂದು ಇನ್ನಷ್ಟು ಉಜ್ಜಿದೆ. ಬಂದದ್ದು ಕೊಳೆಯಲ್ಲ, ಪ್ಲೇಟೇ. ಎಪ್ಪತ್ತೆಂಟರ ಪ್ಲೇಟುಗಳನ್ನು ಅರಗು, ಕಲ್ಲಿನ ಪುಡಿ, ಕಪ್ಪು ಬೆರೆಸಿ ಮಾಡುತ್ತಿದ್ದರು. ಪಕ್ಕದ ಮನೆಯ ಬಡಗಿ ತಲೆ ಚಚ್ಚಿಕೊಂಡ. ಬಾಗಿಲ ಪಾಲಿಶ್‌ಗೆ ಅವನು ಅರಗನ್ನು ದಿನವೂ ಕರಗಿಸುವುದು ಸ್ಪಿರಿಟ್‌ನಲ್ಲೇ. ಒಂದು ಮಗ್ಗುಲು ಹೋಯಿತು. ಇನ್ನೊಂದು ಮಗ್ಗುಲಿನ ಮೂರು ನಿಮಿಷ ಈಗಲೂ ಇದೆ.

ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಸಾಹುಕಾರರೂ ಈಗಿಲ್ಲ. ಅಂಗಡಿಯಲ್ಲಿ ಅವರ ಮಗ ಮೊಬೈಲ್ ಕವರ್, ಚಾರ್ಜರ್ ಮಾರುತ್ತಾರೆ. ಆದರೂ ಹಿಂದಿನ ಗೋಡೆಗೆ ಎರಡು ಕಪಾಟು ಪ್ಲೇಟುಗಳನ್ನು ಉಳಿಸಿಕೊಂಡಿದ್ದಾರೆ. ತಂದೆಯ ನಿಯಮ ಹಾಗೇ ಇದೆ. ಮುಳ್ಳುಗಳೂ ಎರಡಿವೆ. ಎಪ್ಪತ್ತೆಂಟರ ಗೀರಿಗೆ, ಅಂದರೆ ಹಾಡು ಕೊರೆದ ಗೆರೆಗೆ, ನಮ್ಮ ಫಿಟ್ಟರ್ ಭಾಷೆಯಲ್ಲಿ ಮೂರು ಥೌ (ಇಂಚಿನ ಸಾವಿರದಲ್ಲಿ ಮೂರು ಭಾಗ) ತುದಿಯ ಮುಳ್ಳು ಬೇಕು, ಮೂವತ್ಮೂರು ಚಿಲ್ಲರೆ ಸುತ್ತಿನ ಲಾಂಗ್‌ಪ್ಲೇಗೆ ಒಂದು ಥೌ ಅಥವಾ ಅದಕ್ಕಿಂತ ಸಣ್ಣದು. ಅದಕ್ಕೆ ಇದು, ಇದಕ್ಕೆ ಅದು ಹಾಕಿದರೆ ಸದ್ದೂ ಕೆಡುತ್ತದೆ, ಗೀರೂ ಕೆಡುತ್ತದೆ. ಮೊಮ್ಮಗ ತನ್ನ ಮೊಬೈಲಿನಲ್ಲಿ 2,800 ರೂಪಾಯಿ ಕೊಟ್ಟು ತರಿಸಿದ ಹೊಸ ರೆಕಾರ್ಡು ಹಪ್ಪಳದಂತೆ ಬಾಗಿ ಬಂದಿತ್ತು. ವಾಪಸು ಕಳಿಸಿ ಹದಿನೈದು ದಿನವಾಯಿತು, ದುಡ್ಡು ಇನ್ನೂ ದಾರಿಯಲ್ಲಿದೆ. ಈಗ ಅವನೂ ಓಣಿಯ ಅಂಗಡಿಯ ಸ್ಟೂಲಿಗೆ ಬಂದಿದ್ದಾನೆ.

ಓದುಗರಲ್ಲಿ ನನ್ನ ಕೋರಿಕೆ ಇಷ್ಟು. ಅಟ್ಟದ ಮೇಲೆ ಅಜ್ಜನ ಕಾಲದ ಪ್ಲೇಟುಗಳಿದ್ದರೆ ಗುಜರಿಯವನನ್ನು ಕೂಗುವ ಮೊದಲು ಇಂಥ ಅಂಗಡಿಯವರಿಗೆ ಒಮ್ಮೆ ತೋರಿಸಿ. ಇಟ್ಟುಕೊಳ್ಳುವುದಾದರೆ ಪುಸ್ತಕದಂತೆ ನಿಲ್ಲಿಸಿಡಿ, ಒಂದರ ಮೇಲೊಂದು ಪೇರಿಸಬೇಡಿ. ತಗಡಿನ ಶೀಟಿನ ಕೆಳಗಂತೂ ಬೇಡ. ದಾವಣಗೆರೆಯ ಏಪ್ರಿಲ್ ಬಿಸಿಲಿಗೆ ಮನುಷ್ಯರೇ ಬಾಗುತ್ತಾರೆ. ಹೋಟೆಲಿನವರಿಗೆ ಗೋಡೆಯ ಅಂದವೇ ಮುಖ್ಯವಾದರೆ ಖಾಲಿ ರಟ್ಟಿನ ಕವರ್‌ಗಳಿಗೆ ಚೌಕಟ್ಟು ಹಾಕಿಸಲಿ, ಚಿತ್ರವೆಲ್ಲ ಇರುವುದು ಅದರ ಮೇಲೇ ಅಲ್ಲವೇ.

ಅಂದು ದೋಸೆಯ ಬಿಲ್ಲಿನ ಜೊತೆ ಇನ್ನೂರು ರೂಪಾಯಿ ಕೊಟ್ಟು, ಗೋಡೆಯ ಮೇಲಿನ ವಚನಗಳ ಲಾಂಗ್‌ಪ್ಲೇ ಒಂದನ್ನು ಇಳಿಸಿಕೊಡಿ ಎಂದೆ. ಮಾಲೀಕರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಮಾಣಿಯನ್ನು ಸ್ಟೂಲಿನ ಮೇಲೆ ಹತ್ತಿಸಿ, ಇಕ್ಕಳದಲ್ಲಿ ಮೊಳೆ ಕೀಳಿಸಿ, ದುಡ್ಡು ಎಣಿಸಿಕೊಂಡರು. ಅಲ್ಲಿಂದ ನೇರವಾಗಿ ಓಣಿಯ ಅಂಗಡಿಗೆ ಹೋದೆವು. ಸಾಹುಕಾರರ ಮಗ ಬೆಳಕಿಗೆ ಓರೆ ಮಾಡಿ ನೋಡಿ, ಅಂಚಿನ ಎರಡು ತೂತುಗಳಿಗೆ ಸಿಕ್ಕರೆ ಮುಳ್ಳು ಮುರಿಯುತ್ತದೆ ಎಂದು ಮೊದಲ ವಚನವನ್ನು ಬಿಟ್ಟರು. ಎರಡನೆಯದರಿಂದ ಕೇಳಿದೆವು.

ಪತ್ರ ಉದ್ದವಾಯಿತು. ಕತ್ತರಿ ಹಾಕಲೇಬೇಕಾದರೆ ಬೆಲ್ಟಿನ ಕಥೆಯನ್ನು ತೆಗೆಯಿರಿ, ಸ್ಪಿರಿಟ್‌ನದನ್ನು ಬಿಡಬೇಡಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಗಿರಣಿ ಫಿಟ್ಟರ್, ದಾವಣಗೆರೆ