ಗಣಿತದ ಪೀರಿಯಡ್‌ನಲ್ಲಿ ಮಕ್ಕಳ ಕೈಗೂ ಕೆಲಸ ಕೊಡಿ: ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಶಿಕ್ಷಣ ಸಚಿವರಿಗೆ,

ನಮಸ್ಕಾರ.

ನಾನು ಪ್ರಾಥಮಿಕ ಶಾಲೆಯಲ್ಲಿ ಗಣಿತ ಕಲಿಸುವವಳು. ವಸ್ತುಗಳ ಆಕಾರ, ಸ್ಥಾನಗಳನ್ನು ಮನಸ್ಸಿನಲ್ಲೇ ಕಲ್ಪಿಸಿಕೊಳ್ಳುವ ಅಭ್ಯಾಸಕ್ಕೆ ಹೊಸ ಪಠ್ಯಕ್ರಮದ ಗಣಿತದಲ್ಲಿ ಜಾಗ ಕೊಡಿ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ.

ಆಕಾರವೊಂದನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುವುದು, ಮಡಿಸಿ ಕತ್ತರಿಸಿದ ಕಾಗದ ಬಿಚ್ಚಿದಾಗ ಹೇಗಿರುತ್ತದೆ ಎಂದು ಊಹಿಸುವುದು, ಬ್ಲಾಕ್‌ಗಳಲ್ಲಿ ಕಟ್ಟಿದ್ದು ಹಿಂದಿನಿಂದ ಹೇಗೆ ಕಾಣುತ್ತದೆ ಎಂದು ಬರೆಯುವುದು. ನಮ್ಮ ತರಗತಿಗಳಲ್ಲಿ ಇದೆಲ್ಲ ಸಮಯ ಉಳಿದರೆ ಮಾತ್ರ ನಡೆಯುತ್ತದೆ. ಸಮಯ ಎಲ್ಲಿ ಉಳಿಯುತ್ತದೆ ಹೇಳಿ?

ಇದನ್ನು ಸುಮ್ನೆ ಆಟ ಅಂದುಕೊಳ್ಳಬೇಡಿ. ಸಂಖ್ಯಾರೇಖೆಯಲ್ಲಿ 7 ಎಲ್ಲಿದೆ ಎಂದು ಗುರುತಿಸುವ ಮಗು ಅಳತೆಯನ್ನು ಕಣ್ಣಿಗೆ ತಂದುಕೊಳ್ಳುತ್ತದೆ. ಮೂರರಲ್ಲೊಂದು ಭಾಗ ದೊಡ್ಡದೋ ನಾಲ್ಕರಲ್ಲೊಂದು ದೊಡ್ಡದೋ ಎನ್ನುವಾಗಲೂ ಅಷ್ಟೇ. ಸಮಾನಾಂತರ ಚತುರ್ಭುಜದ ಒಂದು ತುದಿಯ ತ್ರಿಕೋನ ಕತ್ತರಿಸಿ ಇನ್ನೊಂದು ತುದಿಗೆ ಜೋಡಿಸಿದರೆ ಆಯತ ಆಗುತ್ತದೆ. ಒಮ್ಮೆ ಕೈಯಾರೆ ಇದನ್ನು ಮಾಡಿದ ಮಗುವಿಗೆ ವಿಸ್ತೀರ್ಣದ ಸೂತ್ರ ಎಲ್ಲಿಂದ ಬಂತು ಎಂಬುದು ಗೊತ್ತಿರುತ್ತದೆ. ಉರು ಹೊಡೆದ ಮಗು ಪರೀಕ್ಷೆಯಲ್ಲಿ ಸೂತ್ರ ಮರೆತರೆ ಅಲ್ಲಿಗೆ ಮುಗಿಯಿತು.

ಇಂಥ ಸಾಮರ್ಥ್ಯ ಹುಟ್ಟಿನಿಂದಲೇ ಬರಬೇಕು ಎಂದು ತುಂಬಾ ಜನ ನಂಬಿದ್ದಾರೆ. ಅದು ತಪ್ಪು. 2013ರಲ್ಲಿ 217 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಸಂಶೋಧಕರು, ಇದು ಅಭ್ಯಾಸದಿಂದ ಬೆಳೆಯುತ್ತದೆ ಎಂದು ಕಂಡುಕೊಂಡರು. ಗಣಿತಕ್ಕೂ ಇದರಿಂದ ಲಾಭ ಇದೆಯೇ? 2014ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 6ರಿಂದ 8 ವರ್ಷದ ಮಕ್ಕಳಿಗೆ ಒಂದೇ ಸಲ, 40 ನಿಮಿಷ, ಆಕಾರಗಳನ್ನು ಮನಸ್ಸಿನಲ್ಲಿ ತಿರುಗಿಸುವ ಅಭ್ಯಾಸ ಕೊಟ್ಟರು. ಆಮೇಲೆ 4 + __ = 11 ಥರದ ಲೆಕ್ಕಗಳನ್ನು ಆ ಮಕ್ಕಳು ಮೊದಲಿಗಿಂತ ಚೆನ್ನಾಗಿ ಮಾಡಿದರು. ಪದಬಂಧ ಬಿಡಿಸಿದ ಇನ್ನೊಂದು ಗುಂಪಿನಲ್ಲಿ ಆ ಬದಲಾವಣೆ ಕಾಣಲಿಲ್ಲ. ಮಕ್ಕಳು ಲೆಕ್ಕದ ಭಾಗಗಳನ್ನು ತಲೆಯಲ್ಲೇ ಆಚೀಚೆ ಸರಿಸಿ ನೋಡಿರಬಹುದು ಎಂಬುದು ಸಂಶೋಧಕರ ಊಹೆ.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ನಿಮಗೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಮರುವರ್ಷವೇ ಬಂದ ಇನ್ನೊಂದು ಅಧ್ಯಯನದಲ್ಲಿ ಮಕ್ಕಳು ಆರು ವಾರ ಕಂಪ್ಯೂಟರ್ ಪರದೆಯ ಮೇಲೆ ಇಂಥದ್ದೇ ಅಭ್ಯಾಸ ಮಾಡಿದರು. ಆಕಾರ ತಿರುಗಿಸುವುದರಲ್ಲಿ ಚುರುಕಾದರು, ಗಣಿತದಲ್ಲಿ ಮಾತ್ರ ಏನೂ ಬದಲಾಗಲಿಲ್ಲ. 2022ರಲ್ಲಿ 29 ಅಧ್ಯಯನಗಳನ್ನು ಸೇರಿಸಿ ನೋಡಿದಾಗ ಚಿತ್ರ ಸ್ವಲ್ಪ ಸ್ಪಷ್ಟವಾಯಿತು. ಒಟ್ಟಾರೆ ಗಣಿತಕ್ಕೆ ಲಾಭ ಇದೆ. ಅದು ಪವಾಡವೇನಲ್ಲ, ಆದರೆ ನಿಜವಾದ ಲಾಭ. ಮಕ್ಕಳು ಕೈಯಲ್ಲಿ ಹಿಡಿಯುವ ವಸ್ತುಗಳನ್ನು ಬಳಸಿದ ಕಡೆ ಲಾಭ ಜಾಸ್ತಿ. ಆಸ್ಟ್ರೇಲಿಯಾದಲ್ಲಿ ತರಗತಿಯ ಶಿಕ್ಷಕರೇ ಹತ್ತು ವಾರ ನಡೆಸಿದ ಇಂಥ ಪಾಠಗಳಿಂದ 10ರಿಂದ 12 ವರ್ಷದ ಮಕ್ಕಳ ಗಣಿತವೂ ಸುಧಾರಿಸಿತು.

ಇದನ್ನೆಲ್ಲ ಇಷ್ಟು ವಿವರವಾಗಿ ಹೇಳಲು ಕಾರಣ ಇದೆ. ಈ ವಿಷಯ ನಿಮ್ಮ ಮೇಜಿಗೆ ಬಂದ ಕೂಡಲೇ ಯಾರೋ ಒಬ್ಬರು ಟ್ಯಾಬ್ಲೆಟ್, ಆ್ಯಪ್, ಪ್ಯಾಕೇಜ್ ಹಿಡಿದುಕೊಂಡು ಬರುತ್ತಾರೆ. ದಯವಿಟ್ಟು ಅದಕ್ಕೆ ದುಡ್ಡು ಸುರಿಯಬೇಡಿ. ಕಾಗದ, ಕತ್ತರಿ, ಒಂದಿಷ್ಟು ಮರದ ಘನಗಳು ಇದ್ದರೆ ಆರಂಭಿಸಬಹುದು. ದುಡ್ಡು ಬೇಕಿರುವುದು ಶಿಕ್ಷಕರ ತರಬೇತಿಗೆ. ಮಗು ಕಾಗದ ಬಿಚ್ಚುವ ಮೊದಲು "ಏನು ಕಾಣುತ್ತೆ ಹೇಳು" ಎಂದು ಕೇಳಬೇಕು. ಊಹೆ ತಪ್ಪಿದರೆ ಯಾಕೆ ತಪ್ಪಿತು ಎಂದು ಅದರ ಜೊತೆ ಕೂತು ನೋಡಬೇಕು. ಕೊನೆಗೆ ಅದನ್ನೇ ಆ ದಿನದ ಲೆಕ್ಕಕ್ಕೆ ಜೋಡಿಸಬೇಕು. ಇದು ಸುತ್ತೋಲೆ ಓದಿ ಬರುವ ವಿದ್ಯೆಯಲ್ಲ. ಶಿಕ್ಷಕರೂ ಮೊದಲು ಕೂತು ಮಡಚಿ, ಕತ್ತರಿಸಿ, ಕಟ್ಟಿ ನೋಡಬೇಕು.

ಇದನ್ನು ಹೊಸ ವಿಷಯ ಮಾಡಬೇಡಿ. ಅಂಕ ಇಡಬೇಡಿ. ಅಂಕ ಬಂದ ಮರುದಿನವೇ ಇದಕ್ಕೂ ಗೈಡ್ ಬರುತ್ತದೆ, ಅಲ್ವಾ? ಈಗಿರುವ ಗಣಿತದ ಪೀರಿಯಡ್‌ಗಳಲ್ಲೇ ವಾರಕ್ಕೆ ಒಂದನ್ನು ಇದಕ್ಕೆ ಬಿಟ್ಟುಕೊಡಿ. ಅಷ್ಟರಮಟ್ಟಿಗೆ ಪಠ್ಯದ ಹೊರೆ ಇಳಿಸಿ, ಇಲ್ಲದಿದ್ದರೆ ಶಿಕ್ಷಕರು ಇದನ್ನು ಮಾಡಲಾರರು. ಕಣ್ಣು ಕಾಣದ ಮಕ್ಕಳು ಮುಟ್ಟಿ ತಿಳಿಯುವಂಥ ಸಾಮಗ್ರಿಯೂ ಮೊದಲ ದಿನದಿಂದಲೇ ಇರಲಿ.

ಒಂದೇ ಸಲ ಎಲ್ಲ ಶಾಲೆಗಳಿಗೂ ಆದೇಶ ಹೊರಡಿಸಿ ಎಂದು ನಾನು ಕೇಳುತ್ತಿಲ್ಲ. ಒಂದಷ್ಟು ಶಾಲೆಗಳಲ್ಲಿ ಒಂದು ವರ್ಷ ನಡೆಸಿ. ಅಂಥದ್ದೇ ಇನ್ನೊಂದಷ್ಟು ಶಾಲೆಗಳ ಮಕ್ಕಳ ಗಣಿತದೊಂದಿಗೆ ಹೋಲಿಸಿ. ಫಲಿತಾಂಶ ಒಳ್ಳೆಯದಿರಲಿ, ಕೆಟ್ಟದಿರಲಿ, ಎಲ್ಲರಿಗೂ ಓದಲು ಸಿಗುವಂತೆ ಪ್ರಕಟಿಸಿ. ಹೊಸ ಪುಸ್ತಕಗಳು ಅಚ್ಚಿಗೆ ಹೋಗುವ ಮೊದಲೇ ಇದರ ಬಗ್ಗೆ ಶಿಕ್ಷಕರನ್ನು ಕರೆದು ಮಾತನಾಡಿ ಎಂದು ಕೇಳಿಕೊಳ್ಳುತ್ತೇನೆ.

ಇಂತಿ,
ಒಬ್ಬ ಪ್ರಾಥಮಿಕ ಶಾಲಾ ಶಿಕ್ಷಕಿ