ಅಮ್ಮನ ಹನ್ನೆರಡನೇ ನಂಬರ್ ಹುಡುಗಿಗೆ ಥ್ಯಾಂಕ್ಸ್

ಇದನ್ನ ನಾನು ಯಾವತ್ತೋ ಬರೀಬೇಕಿತ್ತು, ಆದ್ರೆ ಕೆನಡಾ ಮಹಿಳಾ ಫುಟ್‌ಬಾಲ್ ಟೀಮಿನ ಕ್ಯಾಪ್ಟನ್ ಆಗಿದ್ದ, 12ನೇ ನಂಬರ್ ಜೆರ್ಸಿಯ ಕ್ರಿಸ್ಟೀನ್ ಸಿಂಕ್ಲೇರ್ ಅವ್ರ ಕೊನೇ ಅಂತಾರಾಷ್ಟ್ರೀಯ ಮ್ಯಾಚ್ ನೋಡ್ಕೊಂಡು ಬಂದ ಸ್ವಲ್ಪ ದಿನಕ್ಕೇ ಅಮ್ಮನ್ನ ಆಸ್ಪತ್ರೆಗೆ ಸೇರಿಸ್ಬೇಕಾಯ್ತು, ಆಮೇಲೆ ಬರೀ ಓಡಾಟ. ಈಗ ಅಮ್ಮ ಮನೇಲಿದಾರೆ, ಎಡಗೈಯಲ್ಲೇ ಚಮಚ ಹಿಡಿದು ಊಟ ಮಾಡ್ತಿದಾರೆ, ಅದಕ್ಕೇ ಇವತ್ತು ಬರೀತಿದೀನಿ.

ಅಮ್ಮಂಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನೋ ನರಗಳ ಕಾಯಿಲೆ. ಮೊದಲು ಕಾಲು, ಆಮೇಲೆ ಬಲಗೈ. ನಾವಿರೋದು ಕೆನಡಾದ ಬರ್ನಬಿಯಲ್ಲಿ, ಕ್ರಿಸ್ಟೀನ್ ಸಿಂಕ್ಲೇರ್ ಹುಟ್ಟಿದ ಊರು. ಅಮ್ಮ ಮೊದಲ ಸಲ ಅವ್ರ ಆಟ ನೋಡಿದ್ದು 2012ರ ಆಗಸ್ಟ್ 6ಕ್ಕೆ, ಲಂಡನ್ ಒಲಿಂಪಿಕ್ಸ್ ಸೆಮಿಫೈನಲ್, ಓಲ್ಡ್ ಟ್ರಾಫರ್ಡ್‌ನಲ್ಲಿ ಅಮೆರಿಕ ಜೊತೆ. ಮೂರು ಸಲ ಕೆನಡಾ ಮುಂದೆ ಹೋಯ್ತು, ಮೂರೂ ಗೋಲು ಸಿಂಕ್ಲೇರ್ ಅವರದ್ದೇ, ಆದ್ರೂ ನಮ್ಮ ಕೀಪರ್ ಬಾಲ್ ಜಾಸ್ತಿ ಹೊತ್ತು ಹಿಡ್ಕೊಂಡ್ರು ಅಂತ ರೆಫರಿ ಫ್ರೀ ಕಿಕ್ ಕೊಟ್ರು, ಅದರಿಂದ ಹ್ಯಾಂಡ್‌ಬಾಲ್, ಅದರಿಂದ ಪೆನಾಲ್ಟಿ, ಸ್ಕೋರ್ ಸಮ ಆಯ್ತು, ಕೊನೆಗೆ ಎಕ್ಸ್‌ಟ್ರಾ ಟೈಮ್‌ನ 123ನೇ ನಿಮಿಷದಲ್ಲಿ ಗೋಲು ತಿಂದು 4-3ಕ್ಕೆ ಸೋತ್ವಿ. ಫುಟ್‌ಬಾಲ್ ಗಂಧಗಾಳಿ ಗೊತ್ತಿಲ್ದಿದ್ದ ಅಮ್ಮ ಅವತ್ತು ಊಟ ಬಿಟ್ರು. ಮೂರು ದಿನ ಬಿಟ್ಟು ಅದೇ ಟೀಮ್ ಫ್ರಾನ್ಸ್‌ನ ಸೋಲಿಸಿ ಕಂಚು ತಗೊಳ್ತು. "ಅಷ್ಟು ಅತ್ತವ್ಳು ಮತ್ತೆ ಬಂದು ಆಡಿದ್ಳಲ್ಲೇ" ಅಂದ್ರು.

ಸಿಂಕ್ಲೇರ್ ತಾಯಿಗೂ ಇದೇ ಕಾಯಿಲೆ ಅಂತ ಆಮೇಲೆ ಓದಿ ಹೇಳಿದೆ. "ಅವಳಮ್ಮನೂ ನನ್ ಥರಾನೇನಾ?" ಅಂತ ಕೇಳಿ ಅಮ್ಮ ತುಂಬಾ ಹೊತ್ತು ಸುಮ್ನಿದ್ರು. ಅವತ್ತಿಂದ ಅವ್ರು ನಮ್ಮನೆ ಹುಡುಗಿ.

ಸರಿಯಾಗಿ ಒಂಬತ್ತು ವರ್ಷ ಆದ್ಮೇಲೆ, 2021ರ ಆಗಸ್ಟ್ 6, ಟೋಕಿಯೊ ಒಲಿಂಪಿಕ್ಸ್ ಫೈನಲ್. ನಮಗಿಲ್ಲಿ ಬೆಳಗಿನ ಜಾವ ಐದು ಗಂಟೆ. ಸ್ವೀಡನ್ ಒಂದು ಗೋಲು ಮುಂದಿತ್ತು, ಬಾಕ್ಸ್ ಒಳಗೆ ಸಿಂಕ್ಲೇರ್‌ನ ಬೀಳಿಸಿ ಪೆನಾಲ್ಟಿ ಸಿಕ್ತು, ಅದನ್ನ ಹೊಡೆದು ಸಮ ಮಾಡಿದ್ದು ಮಾತ್ರ ನಮ್ಮ ಟೀಮಿನ ಜೆಸ್ಸಿ ಫ್ಲೆಮಿಂಗ್. ಪ್ರಪಂಚದಲ್ಲೇ ಎಲ್ಲರಿಗಿಂತ ಜಾಸ್ತಿ ಅಂತಾರಾಷ್ಟ್ರೀಯ ಗೋಲು ಹೊಡೆದ ಸಿಂಕ್ಲೇರ್ ಫೈನಲ್‌ನಲ್ಲಿ ಬಾಲನ್ನ ಚಿಕ್ಕ ಹುಡುಗಿಗೆ ಬಿಟ್ಕೊಟ್ರು. ನನಗೆ ಅವ್ರ 190 ಗೋಲಿಗಿಂತ ದೊಡ್ಡದು ಅದು. ಪೆನಾಲ್ಟಿ ಶೂಟೌಟ್‌ನಲ್ಲಿ ಚಿನ್ನ ಬಂದಾಗ ನಾನೂ ಅಮ್ಮನೂ ಅಕ್ಕಪಕ್ಕದ ಮನೆಯವ್ರು ಏಳೋ ಹಂಗೆ ಕೂಗಿದ್ವಿ. ಮುಂದಿನ ವರ್ಷ ಸಿಂಕ್ಲೇರ್ ತಾಯಿ ತೀರ್ಕೊಂಡ್ರು. ಆ ಸುದ್ದೀನ ಅಮ್ಮಂಗೆ ಎಷ್ಟೋ ದಿನ ಹೇಳಕ್ಕಾಗ್ಲಿಲ್ಲ ನನ್ ಕೈಲಿ.

16ನೇ ವಯಸ್ಸಿಗೆ 2000ದಲ್ಲಿ ಶುರು ಮಾಡಿದವ್ರ ಕೊನೇ ಅಂತಾರಾಷ್ಟ್ರೀಯ ಮ್ಯಾಚು 2023ರ ಡಿಸೆಂಬರ್ 5ಕ್ಕೆ ನಮ್ಮ ಪಕ್ಕದ ವ್ಯಾಂಕೂವರ್‌ನಲ್ಲೇ, ಆಸ್ಟ್ರೇಲಿಯಾ ಜೊತೆ. ಬಿ.ಸಿ. ಪ್ಲೇಸ್ ಸ್ಟೇಡಿಯಂಗೆ ಅವತ್ತೊಂದು ದಿನ ಅವ್ರದೇ ಹೆಸರಿಟ್ಟಿದ್ರು. ಅಮ್ಮ ಹೋಗ್ಲೇಬೇಕು ಅಂದ್ರು, ಆ ಚಳೀಲಿ ವೀಲ್‌ಚೇರ್‌ನಲ್ಲಿ ಹೆಂಗೆ ಅಂತ ನನಗೆ ಭಯ. ಗೇಟಿಂದ ಸೀಟಿನ ತನಕ ತಳ್ಕೊಂಡು ಬಂದ ಆ ಸ್ಟೇಡಿಯಂ ಹುಡುಗನಿಗೆ, ಎದುರಿಗೆ ಎಲ್ಲ ಎದ್ದು ನಿಂತಾಗ "ಅಜ್ಜಿಗೆ ಕಾಣ್ಲಿ" ಅಂತ ತನ್ನ ಮಕ್ಕಳನ್ನ ಪಕ್ಕಕ್ಕೆ ಸರಿಸಿದ ತಾಯಿಗೆ, ನನ್ನ ಶಿಫ್ಟ್ ಮಾಡ್ಕೊಟ್ಟ ಫ್ರೆಂಡ್‌ಗೆ ತುಂಬಾ ತುಂಬಾ ಥ್ಯಾಂಕ್ಸ್, ನೀವಿಲ್ದಿದ್ರೆ ಆ ರಾತ್ರಿ ನಮಗೆ ಸಿಗ್ತಿರ್ಲಿಲ್ಲ.

ಸಿಂಕ್ಲೇರ್ ಅವ್ರೇ, ಸೆಕೆಂಡ್ ಹಾಫ್‌ನಲ್ಲಿ ನೀವು ಕ್ಯಾಪ್ಟನ್ ಪಟ್ಟಿ ನಿಮ್ಮ ಟೀಮಿನ ಸೋಫಿ ಶ್ಮಿಟ್ ಅವ್ರಿಗೆ ಕೊಟ್ಟು ಆಚೆ ಬಂದಾಗ ಇಡೀ ಸ್ಟೇಡಿಯಂ ಚಪ್ಪಾಳೆ ತಟ್ಟುತಿತ್ತು. ಅಮ್ಮಂಗೆ ಚಪ್ಪಾಳೆ ಹೊಡಿಯಕ್ಕೆ ಆಗಲ್ಲ. ನನ್ನ ಕೈ ಎಳ್ಕೊಂಡು ಅದರ ಮೇಲೆ ತಮ್ಮ ಎಡಗೈಲಿ ತಟ್ಟಿದ್ರು, ನೀವು ಒಳಗೆ ಹೋಗೋ ತನಕ ನಿಲ್ಲಿಸ್ಲಿಲ್ಲ.