ಸೇತುವೆ ದಾಟಿದ್ದು ನೆನಪಿಲ್ಲ ಅಂತ ಬರೆದಿದ್ದೀಯಲ್ಲ

ದಾವಣಗೆರೆ
ದೀಪಾವಳಿಗೆ ಇನ್ನು ಹತ್ತು ದಿನ

ಚಿರಂಜೀವಿ ಅಳಿಯನಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ಫೋನಿನಲ್ಲಿ ಕೂಗಿ ಕೂಗಿ ಸಾಕಾಗಿ, ಈ ಕಿವುಡ ಮಾವನಿಗೆ ಅಂತ ನಾಲ್ಕು ಹಾಳೆ ಬರೆದು ಕಳಿಸಿದ್ದೀಯ. ಎಲ್ಲ ಓದಿದೆ. ಊರ ಸುದ್ದಿ ನಿಮ್ಮವ್ವ ದಿನಾ ಹೇಳ್ತಾಳೆ, ಅದನ್ನೇ ನಾನೂ ಬರೆಯೋದಿಲ್ಲ. ನೀನು ಮನೆಮನೆಗೆ ಮುಟ್ಟಿಸೋ, ದಿನಕ್ಕೆ 80 ಇದ್ದ ಪಾರ್ಸೆಲ್ಲು ಹಬ್ಬಕ್ಕೆ 140 ಆಗಿದ್ದು, ಹೊಸಕೋಟೆ ಗೋಡೌನಿನಲ್ಲಿ ಬೆಳಗ್ಗೆ ಏಳಕ್ಕೆ ಹೋಗಿ ನಿಂತರೂ ಲೋಡು ಸಿಗೋದು ಹತ್ತೂವರೆಗೆ, ಒಂದೇ ಅಪಾರ್ಟ್‌ಮೆಂಟಿಗೆ ಎರಡೆರಡು ಸಲ ಹೋಗೋ ಹಾಗೆ ರೂಟು ಹಾಕೋ ಆ ಟೀಮ್ ಲೀಡರು. ಓದಿ ಸಿಟ್ಟು ಬಂತು. ಆದರೆ ಎರಡು ರಾತ್ರಿಯಿಂದ ನನಗೆ ನಿದ್ದೆ ಹತ್ತದೇ ಇರೋದು ಅದಕ್ಕಲ್ಲ.

ಮೂರನೇ ಹಾಳೆಯ ಕೊನೆಗೆ ನಗೆಚಾಟಿಕೆ ಮಾಡಿ ಒಂದು ಮಾತು ಬರೆದಿದ್ದೀಯ. 'ಮಾವ, ಮೊನ್ನೆ ರಾತ್ರಿ ಇಂದಿರಾನಗರದಿಂದ ಖಾಲಿ ಗಾಡಿ ತರ್ತಿದ್ದೆ, ಕೆ.ಆರ್.ಪುರಂ ಹ್ಯಾಂಗಿಂಗ್ ಬ್ರಿಡ್ಜ್ ಯಾವಾಗ ದಾಟಿದೆನೋ ಗೊತ್ತೇ ಆಗಲಿಲ್ಲ, ಟಾಟಾ ಏಸ್ ತಾನೇ ದಾರಿ ಕಲಿತುಬಿಟ್ಟಿದೆ' ಅಂತ.

ಗಾಡಿ ದಾರಿ ಕಲಿಯೋದಿಲ್ಲ ತಮ್ಮಾ. ನೀನು ನಿದ್ದೆ ಮಾಡಿದ್ದೀಯ.

ಕಣ್ಣು ತೆರೆದೇ ಇರುತ್ತೆ, ಕೈ ಸ್ಟೇರಿಂಗ್ ಮೇಲೇ ಇರುತ್ತೆ, ಒಳಗಿನ ಮನುಷ್ಯ ಮಾತ್ರ ಇರೋದಿಲ್ಲ. ಗಂಟೆಗೆ 40 ಕಿಲೋಮೀಟರ್ ಅಂದರೂ ಒಂದು ಸೆಕೆಂಡಿಗೆ 11 ಮೀಟರ್ ಹೋಗ್ತೀಯ. ಆ ಸೇತುವೆ ಎಷ್ಟು ಉದ್ದ ಇದೆ, ನೀನೇ ಲೆಕ್ಕ ಹಾಕು.

ಇದು ನನಗೆ ಹೇಗೆ ಗೊತ್ತು ಅಂತ ಯಾರಿಗೂ ಹೇಳಿಲ್ಲ. ನಿಮ್ಮ ಅತ್ತೆಗೂ ಅರ್ಧವೇ ಗೊತ್ತು.

1986ರ ದೀಪಾವಳಿ. ಮಹಾರಾಷ್ಟ್ರದ ಇಚಲಕರಂಜಿಯಿಂದ ಬಟ್ಟೆ ಬೇಲುಗಳನ್ನು ಲಾರಿಗೆ ತುಂಬಿ ಬೆಂಗಳೂರಿನ ಚಿಕ್ಕಪೇಟೆಗೆ ತರೋ ಕೆಲಸ. ಆಗ ಪಿ.ಬಿ. ರೋಡ್, ಅಂದರೆ ಪುಣೆ-ಬೆಂಗಳೂರು ರಸ್ತೆ, ಈಗಿನ ಹಾಗೆ ಅಗಲ ಇರಲಿಲ್ಲ, ಎದುರಿಗೆ ಬರೋ ಲೈಟು ಸೀದಾ ಕಣ್ಣಿಗೇ ಬರ್ತಿತ್ತು. ಹಬ್ಬದ ಮುಂಚೆ ಅಂಗಡಿಯವರಿಗೆಲ್ಲ ಒಂದೇ ದಿನ ಮಾಲು ಬೇಕು. ಟ್ರಾನ್ಸ್‌ಪೋರ್ಟ್ ಆಫೀಸಿನ ಕ್ಲರ್ಕು ಹಗ್ಗ ಬಿಚ್ಚೋ ಮೊದಲೇ ಮುಂದಿನ ಟ್ರಿಪ್ಪಿನ ಚೀಟಿ ಕೈಗೆ ಕೊಡ್ತಿದ್ದ. ಟ್ರಿಪ್ಪಿಗೆ ಇಷ್ಟು ಅಂತ ಬಾಟಾ, ಅದರ ಆಸೆ ನನಗೂ ಇತ್ತು. ಸುಳ್ಳು ಯಾಕೆ ಹೇಳಲಿ, ನಿಮ್ಮವ್ವನ ಮದುವೆ ಸಾಲ ಇನ್ನೂ ತೀರಿರಲಿಲ್ಲ. ಆಕೆಗೆ ಈ ಮಾತು ಹೇಳಬೇಡ.

ಹರಿಹರದಲ್ಲಿ ತುಂಗಭದ್ರೆ ದಾಟುವಾಗ ಹೊಳೆಗೆ ನಾಲ್ಕಾಣೆ ಹಾಕೋದು ನನ್ನ ಪದ್ಧತಿ. ಆವತ್ತು ಬೆಳಗಿನ ಜಾವ ಕ್ಲೀನರ್ ಹುಡುಗನಿಗೆ ಕೇಳಿದೆ, 'ಕಾಸು ತೆಗೆದಿಟ್ಟಿದ್ದೀಯೇನೋ, ಹೊಳೆ ಬಂತು' ಅಂತ. ಅವನು ನನ್ನ ಮುಖ ನೋಡಿ, 'ಹೊಳೆ ದಾಟಿ ಬಾಳ ಹೊತ್ತಾತಲ್ರೀ, ನೀವೇ ಒಗದ್ರಲ್ಲ' ಅಂದ. ನಾನೂ ನಿನ್ನ ಹಾಗೆಯೇ ನಕ್ಕೆ. ನಕ್ಕು ಬೀಡಿ ಹಚ್ಚಿಕೊಂಡೆ. ಊರಲ್ಲಿ ಗಾಡಿ ನಿಲ್ಲಿಸಿ ಮನೆಗೆ ಹೋಗಿ ಒಂದು ತಾಸು ಮಲಗಬಹುದಿತ್ತು. ದಾವಣಗೆರೆ ಒಳಗೇ ಹಾದುಹೋದೆ, ನಿಲ್ಲಿಸಲಿಲ್ಲ.

ಭರಮಸಾಗರದ ಹತ್ತಿರ ಲಾರಿ ರಸ್ತೆ ಬಿಟ್ಟು ಶೇಂಗಾ ಹೊಲಕ್ಕೆ ಇಳಿದು ಮಗ್ಗುಲಾಯಿತು. ನನಗೆ ಒಂದು ಗೀರೂ ಇಲ್ಲ. ಆ ಹುಡುಗನ ಮೊಣಕಾಲು ಆಮೇಲೆ ಯಾವತ್ತೂ ಮಡಚಲಿಲ್ಲ.

ಅದಕ್ಕಿಂತ ಕೆಟ್ಟದ್ದು ಮುಂದಿದೆ. ಮಾಲೀಕರು ಬಂದು ಏನಾಯ್ತು ಅಂತ ಕೇಳಿದಾಗ, ಬ್ರೇಕ್ ಹಿಡೀಲಿಲ್ಲ ಅಂದುಬಿಟ್ಟೆ. ಹದಿನೈದು ದಿನದ ಹಿಂದೆ ಬ್ರೇಕಿಗೆ ಹೊಸ ಲೈನರ್ ಹಾಕಿದ್ದ ಮೇಸ್ತ್ರಿಯನ್ನು ಶೆಡ್ಡಿನಿಂದ ಓಡಿಸಿದರು. ಆತನ ಕೆಲಸದಲ್ಲಿ ಒಂದು ಕೂದಲಷ್ಟೂ ತಪ್ಪಿರಲಿಲ್ಲ. ವರ್ಷಗಳಾದ ಮೇಲೆ ಶಿರಾದ ಈಚೆ ರಸ್ತೆ ಬದಿಯಲ್ಲಿ ಪಂಚರ್ ಅಂಗಡಿ ಇಟ್ಟುಕೊಂಡು ಕೂತಿದ್ದನ್ನು ನೋಡಿದೆ. ನನ್ನ ಹಿಂದಿನ ಟೈರಿನಲ್ಲಿ ಗಾಳಿ ಕಮ್ಮಿ ಇತ್ತು. ಹಾಗೇ ಹಿರಿಯೂರಿನವರೆಗೆ ಓಡಿಸಿ ಅಲ್ಲಿ ಹಾಕಿಸಿದೆ.

ಇದನ್ನೆಲ್ಲ ಯಾಕೆ ಬರೆದೆನೋ. ನಿನಗೆ ಬುದ್ಧಿ ಹೇಳೋಣ ಅಂತ ಕೂತಿದ್ದು.

ಆಮೇಲೆ ಯೂನಿಯನ್ನಿನವರೊಬ್ಬರು ಓದಿ ಹೇಳಿದ್ದರು, 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲಿ ಡ್ರೈವರಿಗೆ ದಿನಕ್ಕೆ 8 ತಾಸು, ವಾರಕ್ಕೆ 48 ಅಂತ ಇತ್ತು. ಹಬ್ಬದ ಸಮಯದಲ್ಲಿ ಅನುಮತಿ ಪಡೆದು ಹೆಚ್ಚು ದುಡಿಸಿದರೂ ದಿನಕ್ಕೆ 10, ವಾರಕ್ಕೆ 54 ದಾಟಬಾರದು. ಹಬ್ಬ ಅನ್ನೋದು ಆ ಕಾಯ್ದೆ ಬರೆದವರಿಗೂ ನೆನಪಿತ್ತು ನೋಡು. ನಮ್ಮ ಕ್ಲರ್ಕಿಗೆ ಮಾತ್ರ ಗೊತ್ತಿರಲಿಲ್ಲ, ನನಗೂ. ನೀನು ಬರೆದ ಹೊತ್ತು ಕೂಡಿಸಿದರೆ ದಿನಕ್ಕೆ ಹದಿನಾಲ್ಕು ಆಗುತ್ತೆ. ಅದರಲ್ಲಿ ಮೂರೂವರೆ ತಾಸು ಗೋಡೌನಿನ ಬಾಗಿಲಲ್ಲಿ ಸುಮ್ಮನೆ ನಿಂತದ್ದು. ಆ ಹೊತ್ತಿನಲ್ಲಾದರೂ ಮಲಗು. ಗಾಡಿಯೊಳಗೇ, ಚಪ್ಪಲಿ ತಲೆಗಿಟ್ಟುಕೊಂಡು. ಯಾರು ಏನಂದುಕೊಂಡರೂ ಅನ್ನಲಿ.

2025ರಲ್ಲಿ ನಮ್ಮ ರಾಜ್ಯದಲ್ಲಿ ಗಿಗ್ ಕಾರ್ಮಿಕರ, ಅಂದರೆ ಆ್ಯಪ್ ಮೂಲಕ ಕೆಲಸ ಮಾಡೋರ, ಕಾಯ್ದೆ ಬಂದಿದೆ, ಕೆಲಸದಿಂದ ತೆಗೆಯೋದಾದರೆ 14 ದಿನ ಮೊದಲು ತಿಳಿಸಬೇಕು ಅಂತ ಪೇಪರಿನಲ್ಲಿ ಓದಿದೆ. ನಿನ್ನ ಸಂಬಳ ಕೊಡೋನು ವೆಂಡರು, ಅಂದರೆ ನಡುವಿನ ಗುತ್ತಿಗೆದಾರ, ಗಾಡಿಯೂ ಅವನದ್ದೇ. ನೀನು ಆ ಲೆಕ್ಕಕ್ಕೆ ಬರ್ತೀಯೋ ಇಲ್ಲವೋ ಕಾರ್ಮಿಕ ಇಲಾಖೆಗೆ ಹೋಗಿ ಒಂದು ಸಲ ಕೇಳು. ರಜೆ ಎಲ್ಲಿದೆ ಅಂತ ನೀನು ಕೇಳ್ತೀಯ, ಅದೂ ನಿಜ. ಐಡಿ ಬ್ಲಾಕ್ ಮಾಡಿ ಕೆಲಸ ನಿಲ್ಲಿಸ್ತಾರೆ ಅಂತ ಹೆದರಿ 140ನ್ನೂ ಮುಗಿಸೋಕೆ ಹೋಗ್ತೀಯ. ಇಪ್ಪತ್ತು ಉಳಿದರೆ ಉಳೀಲಿ ಅಂತ ಇಲ್ಲಿ ಕೂತು ಬರೆಯೋದು ಸುಲಭ. ಬಾಡಿಗೆ ಕಟ್ಟೋನು ನೀನು.

ಮತ್ತೆ ಅದೇ ಮಾತಿಗೆ ಬರ್ತೀನಿ, ಬೇಜಾರಾಗಬೇಡ. ಮೆಣಸಿನಕಾಯಿ ಕಚ್ಚೋದು, ಮುಖಕ್ಕೆ ನೀರು ಹೊಡೆದುಕೊಳ್ಳೋದು, ಹಾಡು ಜೋರಾಗಿ ಹಾಕೋದು, ಇವನ್ನೆಲ್ಲ ಮಾಡಿ ನೋಡಿದವನು ನಾನು. ಎರಡು ಮೈಲಿಗೆ ಬರ್ತವೆ ಅಷ್ಟೇ. ದಾರಿ ನೆನಪಿಲ್ಲ ಅನ್ನಿಸಿದ ಗಳಿಗೆಯಲ್ಲೇ ಎಡಕ್ಕೆ ತೆಗೆದು, ಕೀ ಆಫ್ ಮಾಡಿ, ಒಂದು ಚಹಾ ಕುಡಿದು ಕೂಡಲೇ ಕಣ್ಣು ಮುಚ್ಚು. ಕಾಲು ಗಂಟೆ ಆದ ಮೇಲೆ ಆ ಚಹಾನೇ ಎಬ್ಬಿಸುತ್ತೆ. ಮಧ್ಯಾಹ್ನ ಊಟ ಆದ ಮೇಲೂ ಹುಷಾರು. ಈ ನಿದ್ದೆ ರಾತ್ರಿ ಮಾತ್ರ ಬರುತ್ತೆ ಅಂದುಕೊಳ್ಳಬೇಡ.

ಆಯುಧಪೂಜೆಗೂ ರಜೆ ಕೊಡಲಿಲ್ಲ, ಗಾಡಿಗೆ ಒಂದು ಹಾರ ಹಾಕೋಕೂ ಆಗಲಿಲ್ಲ ಅಂತ ನೊಂದುಕೊಂಡಿದ್ದೀಯ. ಹೋಗಲಿ ಬಿಡು. ಆ ವರ್ಷ ನಾನು ಬೂದುಗುಂಬಳ ಒಡೆದು, ನಾಲ್ಕೂ ಕಡೆ ಟೈರಿನ ಕೆಳಗೆ ನಿಂಬೆಹಣ್ಣು ಇಟ್ಟು, ಕುರಿಯನ್ನೂ ಕೊಯ್ಸಿದ್ದೆ.

ನಿಮ್ಮವ್ವನಿಗೆ ಸೇತುವೆ ವಿಷಯ ಹೇಳಿಲ್ಲ. ಪತ್ರ ಓದಿ ಹೇಳು ಅಂದಳು, ಆ ಹಾಳೆ ಬಿಟ್ಟು ಓದಿದೆ.

ಒಂದು ಕೆಲಸ ಮಾಡು. ಹಬ್ಬ ಮುಗಿಯೋವರೆಗೆ ದಿನಾ ರಾತ್ರಿ ಆ ಬ್ರಿಡ್ಜ್ ದಾಟಿದ ಮೇಲೆ ಎಲ್ಲಾದರೂ ಗಾಡಿ ನಿಲ್ಲಿಸಿ ನನಗೆ ಒಂದು ಮಿಸ್ಡ್ ಕಾಲ್ ಕೊಡು. ಓಡಿಸುತ್ತಾ ಕೊಡಬೇಡ. ರಿಂಗು ನನಗೆ ಕೇಳಿಸೋದಿಲ್ಲ, ಆದರೆ ಫೋನನ್ನು ದಿಂಬಿನ ಪಕ್ಕದಲ್ಲೇ ಇಟ್ಟುಕೊಂಡಿರ್ತೀನಿ, ಲೈಟು ಹತ್ತಿದರೆ ಸಾಕು. ಹನ್ನೆರಡಾದರೂ ಎದ್ದಿರ್ತೀನಿ.

ನಿನ್ನ ಮಾವ